ಗುಲಾಮಗಿರಿಯ ವಿರುದ್ಧ ಎಮರ್ಸನ್ ತಡವಾಗಿ ಬಾಯಿ ತೆರೆದದ್ದು ತಪ್ಪೇ?

ಪರ: ಹೌದು, ತಪ್ಪೇ

1837ರ ಆಗಸ್ಟ್ 31ರಂದು ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಮೆರಿಕದ ದಾರ್ಶನಿಕ ರಾಲ್ಫ್ ವಾಲ್ಡೊ ಎಮರ್ಸನ್ ಹಾರ್ವರ್ಡ್ ಪದವೀಧರರ ಮುಂದೆ ‘ದಿ ಅಮೆರಿಕನ್ ಸ್ಕಾಲರ್’ ಎಂಬ ಭಾಷಣ ಮಾಡಿದ. ಎಂ.ಎ. ತರಗತಿಗೆ ಅದನ್ನು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ. ವಿದ್ವಾಂಸನನ್ನು ರೂಪಿಸುವವು ಮೂರು: ನಿಸರ್ಗ, ಪುಸ್ತಕ, ಕ್ರಿಯೆ. ಯುರೋಪಿನ ಆಸ್ಥಾನ ಕಾವ್ಯಕ್ಕೆ ಕಿವಿಗೊಟ್ಟದ್ದು ಸಾಕು, ಇನ್ನು ನಮ್ಮ ಕಾಲಿನ ಮೇಲೆ ನಾವು ನಿಲ್ಲೋಣ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಒಂದು ಕ್ಷಣ ನಿಲ್ಲಬೇಕು ಎಂಬುದೆಲ್ಲ ನನ್ನ ಹಳದಿಗಟ್ಟಿದ ಟಿಪ್ಪಣಿ ಹಾಳೆಗಳಲ್ಲಿ ಗುರುತಾಗಿತ್ತು.

ಹತ್ತೊಂಬತ್ತನೆಯ ವರ್ಷ ಕೊನೆಯ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಹಿಂದಿನ ಸೆಮಿಸ್ಟರಿನಲ್ಲಿ ಅವರೆಲ್ಲ ಗುಲಾಮನಾಗಿ ಹುಟ್ಟಿ ಮುಂದೆ ಲೇಖಕನಾದ ಫ್ರೆಡರಿಕ್ ಡಗ್ಲಸ್‌ನ ಆತ್ಮಕಥೆ ಓದಿದ್ದರು. “ಸರ್, ಈ ಭಾಷಣ ನಡೆದ ದಿನ ಡಗ್ಲಸ್ ಏನು ಮಾಡುತ್ತಿದ್ದ?” ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ಸಂಜೆ ಗ್ರಂಥಾಲಯದಲ್ಲಿ ಕುಳಿತು ಇಸವಿಗಳನ್ನು ಜೋಡಿಸಿದೆ. ಆಗ ಅವನಿಗೆ ಸುಮಾರು ಹತ್ತೊಂಬತ್ತು ವರ್ಷ. ಬಾಲ್ಟಿಮೋರಿನಲ್ಲಿ ಹಡಗಿನ ಹಲಗೆಗಳ ಸಂದು ತುಂಬುವ ಕೆಲಸ. ವಾರದ ಕೂಲಿಯನ್ನು ತಂದು ಒಡೆಯನ ಕೈಯಲ್ಲಿಡಬೇಕು. ಅಕ್ಷರ ಕಲಿಸತೊಡಗಿದ್ದ ಒಡತಿಯನ್ನು ಅವಳ ಗಂಡ ತಡೆದಿದ್ದ. ಆಮೇಲೆ ಹುಡುಗ ಬೀದಿಯ ಬಡ ಬಿಳಿಯ ಮಕ್ಕಳಿಗೆ ಬ್ರೆಡ್ಡಿನ ತುಣುಕು ಕೊಟ್ಟು ಅವರಿಂದ ಓದು ಕಲಿತ. ಐವತ್ತು ಸೆಂಟ್ ಕೂಡಿಸಿ ಒಂದು ಭಾಷಣ ಸಂಗ್ರಹವನ್ನು ಕೊಂಡ. 1838ರ ಸೆಪ್ಟೆಂಬರ್ 3ರಂದು ತಪ್ಪಿಸಿಕೊಂಡು ಹೋದ. ಹಾರ್ವರ್ಡಿನ ಪದವೀಧರರು ಚಪ್ಪಾಳೆ ತಟ್ಟುತ್ತಿದ್ದ ಹೊತ್ತಿನಲ್ಲಿ, ಪುಸ್ತಕಕ್ಕಾಗಿ ಅವರೆಲ್ಲರಿಗಿಂತ ಹೆಚ್ಚು ಬೆಲೆ ತೆತ್ತವನೊಬ್ಬ ಇನ್ನೊಬ್ಬರ ಸ್ವತ್ತಾಗಿ ಬದುಕುತ್ತಿದ್ದ. ಮರುದಿನ ಇದನ್ನೆಲ್ಲ ಹೇಳಿದೆ. ಆ ಹುಡುಗಿ ಬರೆದುಕೊಂಡು, “ಹಾಗಾದರೆ ಅವನೂ ಸ್ಕಾಲರೇ ಅಲ್ಲವೇ ಸರ್?” ಎಂದಳು. ಆ ಗಂಟೆ ನನ್ನಿಂದ ಪಾಠ ಮುಂದುವರಿಸಲು ಆಗಲಿಲ್ಲ. ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳದೆ ಅಷ್ಟು ವರ್ಷ ಕಳೆದಿದ್ದೆನಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ.

ಎಮರ್ಸನ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1840ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಸುಮಾರು 25 ಲಕ್ಷ ಗುಲಾಮರಿದ್ದರು. ಅದೇ ಭಾಷಣದಲ್ಲಿ ಅವನು, ಅಪಾಯದ ಕಾಲದಲ್ಲಿ ರಾಜಕೀಯದಿಂದಲೂ ಕಗ್ಗಂಟಿನ ಪ್ರಶ್ನೆಗಳಿಂದಲೂ ಮುಖ ತಿರುಗಿಸುವ ವಿದ್ವಾಂಸನನ್ನು ಹೂಪೊದೆಯಲ್ಲಿ ತಲೆ ಹುದುಗಿಸುವ ಉಷ್ಟ್ರಪಕ್ಷಿಗೆ ಹೋಲಿಸುತ್ತಾನೆ. ಆ ಕಗ್ಗಂಟಿನ ಹೆಸರನ್ನು ಮಾತ್ರ ಹೇಳುವುದಿಲ್ಲ. 1841ರ ಪ್ರಸಿದ್ಧ ಪ್ರಬಂಧದಲ್ಲಿ, ಸಾವಿರ ಮೈಲಿ ದೂರದ ಕರಿಯರ ಮೇಲೆ ಮರುಕ ತೋರುವವನಿಗೆ ‘ಮೊದಲು ನಿನ್ನ ಮಗುವನ್ನು ಪ್ರೀತಿಸು’ ಎಂದು ಬುದ್ಧಿ ಹೇಳುತ್ತಾನೆ. ಗೊತ್ತಿದ್ದವನೇ ಹೀಗೆ ಬರೆದದ್ದು.

ಕಾಲವೇ ಹಾಗಿತ್ತು ಎನ್ನುವ ಹಾಗೂ ಇಲ್ಲ. 1829ರಲ್ಲೇ ಬೋಸ್ಟನ್‌ನ ಕಪ್ಪು ವ್ಯಾಪಾರಿ ಡೇವಿಡ್ ವಾಕರ್, ಹಳೆ ಬಟ್ಟೆಯ ಅಂಗಡಿ ಇಟ್ಟುಕೊಂಡೇ, ಗುಲಾಮಗಿರಿಯ ವಿರುದ್ಧ ಕಿಡಿಕಾರುವ ಪುಸ್ತಿಕೆ ಬರೆದು ನಾವಿಕರ ಮೂಲಕ ದಕ್ಷಿಣಕ್ಕೆ ಕಳುಹಿಸಿದ. 1833ರಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಗುಲಾಮರ ಪರವಾಗಿ ಇಡೀ ಒಂದು ಗ್ರಂಥ ಬರೆದಳು. ಬೋಸ್ಟನ್ ಅಥೀನಿಯಂ ಗ್ರಂಥಾಲಯ ಆಕೆಗೆ ಕೊಟ್ಟಿದ್ದ ಓದಿನ ಸವಲತ್ತನ್ನು ಹಿಂತೆಗೆದುಕೊಂಡಿತು. ಆಕೆಯ ಮಕ್ಕಳ ಪತ್ರಿಕೆಗೆ ತಂದೆತಾಯಂದಿರು ಚಂದಾ ನಿಲ್ಲಿಸಿದರು. ಮರುವರ್ಷ ಆಕೆ ಸಂಪಾದಕತ್ವ ಬಿಡಬೇಕಾಯಿತು. ಅಂಗಡಿಯವನಿಗೆ, ಮಕ್ಕಳ ಕತೆ ಬರೆಯುವ ಹೆಂಗಸಿಗೆ ಕಂಡದ್ದು ದಾರ್ಶನಿಕನಿಗೆ ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ. ಗೊತ್ತಿತ್ತು.

ಮುಂದೆ ಮಾತನಾಡಿದನಲ್ಲ ಎನ್ನುತ್ತಾರೆ. ಮನೆ ಉರಿದ ಮೇಲೆ ಕೊಡಪಾನ ಹಿಡಿದು ಬಂದವನಿಗೆ ನಾನು ಹಾರ ಹಾಕಲಾರೆ.

ವಿರೋಧ: ತಪ್ಪೆನ್ನುವುದು ಅಷ್ಟು ಸುಲಭವಲ್ಲ

ಈ ಪಕ್ಷವನ್ನು ನನಗೆ ವಹಿಸಿದಾಗ ಎರಡು ದಿನ ಯೋಚಿಸಿದೆ. ಪೂರ್ತಿ ಒಪ್ಪಿ ಬರೆಯುತ್ತಿದ್ದೇನೆ ಎನ್ನಲಾರೆ. ಆದರೂ ಎಮರ್ಸನ್ ಅವರ ಪರವಾಗಿ ಹೇಳಬೇಕಾದ ಮಾತುಗಳಿವೆ.

ಅವರು ಅನ್ಯಾಯದ ಮುಂದೆ ಸುಮ್ಮನಿದ್ದವರಲ್ಲ. 1838ರ ಏಪ್ರಿಲ್‌ನಲ್ಲಿ ಚೆರೊಕೀ ಎಂಬ ಮೂಲನಿವಾಸಿ ಜನರನ್ನು ಅವರ ನೆಲದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಅಧ್ಯಕ್ಷ ವ್ಯಾನ್ ಬ್ಯೂರೆನ್‌ಗೆ ಬಹಿರಂಗ ಪತ್ರ ಬರೆದರು. ಆ ಕೆಲಸ ತನಗೆ ನೆಮ್ಮದಿ ಕೊಡುವುದಿಲ್ಲವೆಂದು ದಿನಚರಿಯಲ್ಲಿ ಒಪ್ಪಿಕೊಂಡಿದ್ದಾರೆ. ಬೀದಿಯ ಹೋರಾಟ ಅವರ ಸ್ವಭಾವಕ್ಕೆ ಒಗ್ಗುತ್ತಿರಲಿಲ್ಲ. ಬರೆಯುವವರೆಲ್ಲ ಪುಸ್ತಕ ಮುಚ್ಚಿ ಮೆರವಣಿಗೆಗೆ ಹೊರಡಬೇಕೆನ್ನುವುದಾದರೆ, ಮೆರವಣಿಗೆಯವರು ಓದುವುದು ಯಾರನ್ನು? ಲಿಡಿಯಾ ಚೈಲ್ಡ್ ಅವರ ಮಾತು ಬೇರೆ. ಅವರು ಪತ್ರಿಕೆ ನಡೆಸುತ್ತಿದ್ದವರು, ಅಂದಂದಿನ ಪ್ರಶ್ನೆಗೆ ಅಂದೇ ಉತ್ತರಿಸುವುದು ಅವರ ಕಸುಬಾಗಿತ್ತು.

ತಡವಾದರೂ ಎಮರ್ಸನ್ ಓದಿಕೊಂಡು ಬಂದರು. 1844ರ ಆಗಸ್ಟ್ 1ರಂದು ಕಾಂಕರ್ಡಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರ ಬಿಡುಗಡೆಯ ಬಗ್ಗೆ ಮಾತನಾಡುವ ಮುನ್ನ ಥಾಮಸ್ ಕ್ಲಾರ್ಕ್‌ಸನ್ ಬರೆದ, ಗುಲಾಮರ ವ್ಯಾಪಾರ ರದ್ದಾದ ಇತಿಹಾಸವನ್ನು ಅಭ್ಯಾಸ ಮಾಡಿದ್ದರು. ಊರಿನ ಚರ್ಚುಗಳು ಜಾಗ ಕೊಡಲಿಲ್ಲ. ಗಂಟೆ ಬಾರಿಸಲು ಯಾರೂ ಮುಂದೆ ಬಾರದಿದ್ದಾಗ ಎಮರ್ಸನ್ ಅವರ ಕಿರಿಯ ಗೆಳೆಯ, ಲೇಖಕ ಹೆನ್ರಿ ಥೋರೋ ತಾವೇ ಹೋಗಿ ಹಗ್ಗ ಎಳೆದು ಜನರನ್ನು ಕರೆದರು. ನನಗೆ ತುಂಬ ಪ್ರಿಯವಾದ ದೃಶ್ಯ ಇದು. ಎರಡು ವರ್ಷದ ನಂತರ, ವಾಲ್ಡನ್ ಕೊಳದ ದಡದಲ್ಲಿ ಒಂಟಿಯಾಗಿ ವಾಸಿಸುತ್ತಿದ್ದಾಗ, ಇದೇ ಥೋರೋ ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಅದರಿಂದ ಹುಟ್ಟಿದ ಪ್ರಬಂಧ 1849ರಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯ ಕೈಗೂ ತಲುಪಿತು. ಏಕಾಂತ ವ್ಯರ್ಥವಾಗಲಿಲ್ಲ.

1850ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಾಯಿದೆ ಬಂದಾಗ ಎಮರ್ಸನ್ ಅದನ್ನು ಓದುಬರಹ ಬಲ್ಲವರು ಮಾಡಿದ ಹೊಲಸು ಕಾಯಿದೆ ಎಂದರು. ದೇವರಾಣೆ, ತಾನು ಪಾಲಿಸುವುದಿಲ್ಲ ಎಂದು ಬರೆದರು.

ಒಂದು ಸಾಲು ಮಾತ್ರ ನನ್ನನ್ನೂ ಕಾಡುತ್ತದೆ. 1852ರ ದಿನಚರಿಯಲ್ಲಿ ಅವರು, ಈ ಪ್ರಶ್ನೆಗೆ ತನ್ನನ್ನು ಪೂರ್ತಿ ಕೊಟ್ಟುಕೊಳ್ಳಲಿಲ್ಲವೆಂದು ರಾತ್ರಿ ಎಚ್ಚರವಾಗಿ ಕೊರಗಿದ್ದನ್ನು ಬರೆದುಕೊಳ್ಳುತ್ತಾರೆ. ಆಮೇಲೆ ಸಮಾಧಾನ ತಂದುಕೊಂಡು, ತಾನು ಬಿಡಿಸಬೇಕಾದ ಗುಲಾಮರು ಬೇರೆ, ಅವು ಮನುಷ್ಯನ ತಲೆಯೊಳಗೆ ಸೆರೆಯಾಗಿರುವ ಆಲೋಚನೆಗಳು ಎನ್ನುತ್ತಾರೆ. ಆ ಸಮಾಧಾನವನ್ನು ಸಮರ್ಥಿಸಲು ನನ್ನಿಂದಾಗುವುದಿಲ್ಲ. ಆ ಕೊರಗು ನಿಜವಾದದ್ದು ಎಂದು ನಂಬುತ್ತೇನೆ. 1854ರ ಮಾರ್ಚ್ 7ರಂದು ಅವರು ನ್ಯೂಯಾರ್ಕಿಗೆ ಹೋಗಿ ಅದೇ ಕಾಯಿದೆಯ ವಿರುದ್ಧ ಮತ್ತೆ ಮಾತನಾಡಿದರು.