ಕಾಡಿನ ಬಾಗಿಲಲ್ಲಿ ಕಾಲು ತೊಳೆಯುವವರು

ಮಗಳ ಬಾಣಂತನಕ್ಕೆಂದು ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದಿಳಿಯುವ ಅಮ್ಮಂದಿರಿಗೆ ಮೊದಲ ಅವಮಾನ ವಿಮಾನ ನಿಲ್ದಾಣದಲ್ಲೇ ಕಾದಿರುತ್ತದೆ. ಕೊಡಗಿನ ಜೇನುತುಪ್ಪವನ್ನು ಒಳಗೆ ಬಿಡುವುದಿಲ್ಲ. ಫಾರಂನಲ್ಲಿ ಬರೆಯದೆ ತಂದದ್ದು ಸಿಕ್ಕಿದರೆ ಸ್ಥಳದಲ್ಲೇ 400 ಡಾಲರ್ ದಂಡ. ಅಪ್ಪನ ಬೂಟಿನ ಅಡಿಯಲ್ಲಿ ತೋಟದ ಮಣ್ಣು ಕಂಡರೆ ಅದನ್ನೂ ಕೆರೆದು ತೊಳೆಸುತ್ತಾರೆ. "ನಾವೇನು ರೋಗ ಹೊತ್ತು ತಂದಿದ್ದೀವಾ?" ಎಂದು ಮುಖ ದಪ್ಪ ಮಾಡಿಕೊಳ್ಳುವವರಿಗೆ ನನ್ನ ಉತ್ತರ ಒಂದೇ: ತಂದಿರಲೂಬಹುದು.

ಆಕ್ಲೆಂಡಿನ ಪಶ್ಚಿಮಕ್ಕಿರುವ ವೈತಾಕೆರೆ ಬೆಟ್ಟಸಾಲಿನಲ್ಲಿ ಕೌರಿ ಎಂಬ ಅಲ್ಲಿನ ದೈತ್ಯ ಮರಗಳು ಬುಡದಲ್ಲಿ ಅಂಟು ಸುರಿಸುತ್ತಾ ನಿಂತಲ್ಲೇ ಸಾಯುತ್ತಿವೆ. ಕಾರಣ ಫೈಟಾಫ್ತೊರಾ ಕುಲದ ಒಂದು ಸೂಕ್ಷ್ಮಜೀವಿ. ಮಲೆನಾಡಿನವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಅಡಿಕೆಗೆ ಕೊಳೆ, ಮೆಣಸಿನ ಬಳ್ಳಿಗೆ ಸೊರಗು ತರುವುದು ಇದರ ದಾಯಾದಿಗಳೇ. ಒದ್ದೆ ಮಣ್ಣಿನಲ್ಲಿ ಈಜಿಕೊಂಡು ಹೋಗಿ ಬೇರು ಹಿಡಿಯುತ್ತದೆ, ನೀರು ಹೀರುವ ಸಣ್ಣ ಬೇರುಗಳನ್ನು ಕೊಳೆಸುತ್ತದೆ. ವಾಸಿ ಮಾಡುವ ಮದ್ದಿಲ್ಲ. ಕಾಂಡಕ್ಕೆ ಫಾಸ್ಫೈಟ್ ಎಂಬ ರಾಸಾಯನಿಕ ಚುಚ್ಚಿದರೆ ಮರಕ್ಕೆ ಒಂದಷ್ಟು ಕಾಲ ಸಿಗುತ್ತದೆ, ಅಷ್ಟೇ. ಉಳಿದ ದಾರಿಯೆಂದರೆ ಮಣ್ಣು ದಾಟದಂತೆ ನೋಡಿಕೊಳ್ಳುವುದು. 2018ರಲ್ಲಿ ಅಲ್ಲಿನ ಕಾಡಿನ ಬಹುಭಾಗವನ್ನೇ ಜನರಿಗೆ ಮುಚ್ಚಿದರು. ಕೌರಿಯ ಬೇರು ನೆಲದ ಮೇಲ್ಪದರದಲ್ಲೇ ಹರಡುವುದರಿಂದ ಕಾಲುದಾರಿಗಳಿಗೆ ಜಲ್ಲಿ, ಹಲಗೆ ಹಾಸಿದ ಮೇಲಷ್ಟೇ ಒಂದೊಂದಾಗಿ ತೆರೆದರು.

ದಾರಿಯ ಬಾಯಲ್ಲಿ ಬ್ರಷ್ಷು, ಸೋಂಕುನಾಶಕ ಇಟ್ಟಿರುತ್ತಾರೆ. ಮೊದಲು ಒಣ ಬ್ರಷ್ಷಿನಿಂದ ಅಟ್ಟೆಯ ಸೀಳುಗಳ ಮಣ್ಣು ಪೂರ್ತಿ ಉದುರಿಸಬೇಕು, ಆಮೇಲೆ ಔಷಧ. ಅವಸರದವರು ಮಣ್ಣಿನ ಮೇಲೇ ಔಷಧ ಹೊಡೆದು ಮುಂದೆ ಹೋಗುತ್ತಾರೆ. ಅದು ವ್ಯರ್ಥ. ಹೆಂಟೆಯ ಒಳಗಿರುವುದಕ್ಕೆ ಔಷಧ ತಾಕುವುದೇ ಇಲ್ಲ. ಕಾಡಿನಿಂದ ಹೊರಬರುವಾಗಲೂ ಇದೇ ಕ್ರಮ.

ಕಾಲು ತೊಳೆಯದೆ ಮನೆಯೊಳಗೆ ಬಂದರೆ ಅಜ್ಜಿಯ ಕೈಲಿ ಬೈಸಿಕೊಂಡು ಬೆಳೆದ ಜನ ನಾವು. ಅದೇ ನಾವು ಪಾರ್ಥೇನಿಯಂ ಕಳೆ ಬೆಳೆದ ಸೈಟಿನಲ್ಲಿ ಓಡಾಡಿದ ಬೂಟಿನಲ್ಲೇ ಚಾರಣಕ್ಕೆ ಹೊರಡುತ್ತೇವೆ. ಕುಮಾರಪರ್ವತದ ಗೇಟಿನಲ್ಲಿ ಬ್ಯಾಗು ಬಿಚ್ಚಿಸಿ ಪ್ಲಾಸ್ಟಿಕ್ ಹುಡುಕುತ್ತಾರೆ, ಒಳ್ಳೆಯದೇ. ಬೂಟಿನ ಅಡಿ ನೋಡುವವರು ಯಾರು? ಒಂದು ಪಾರ್ಥೇನಿಯಂ ಗಿಡ ಹತ್ತಿಪ್ಪತ್ತು ಸಾವಿರ ಬೀಜ ಬಿಡುತ್ತದೆ. ಆ ಬೀಜಗಳು ಕೆಸರಿನ ಟೈರಿಗೆ, ಜೆಸಿಬಿ ಬಕೆಟ್ಟಿಗೆ, ಲಾರಿಯಲ್ಲಿ ಬರುವ ಗೊಬ್ಬರಕ್ಕೆ ಅಂಟಿಕೊಂಡೇ ಊರೂರು ಸುತ್ತುವುದು.

ನಮ್ಮಲ್ಲಿ ಕೆಲಸ ಶುರುವಾಗುವುದು ಕಳೆ ಕಾಡನ್ನೆಲ್ಲ ಮುಚ್ಚಿದ ಮೇಲೆ. ಬಂಡೀಪುರದ ಲಂಟಾನ ಪೊದೆಯನ್ನೇ ನೋಡಿ. ಮೇಲಿಂದ ಸವರಿದರೆ ಬುಡದಿಂದ ದುಪ್ಪಟ್ಟು ಚಿಗುರುತ್ತದೆ. ಯಂತ್ರ ಹಾಕಿ ಕಿತ್ತರೆ ನೆಲ ಮಗುಚಿ, ಒಳಗೆ ಮಲಗಿದ್ದ ಬೀಜವೆಲ್ಲ ಮೊದಲ ಮಳೆಗೇ ಏಳುತ್ತದೆ. ಸರಿಯಾದ ಕ್ರಮವನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ತೋರಿಸಿಕೊಟ್ಟು ವರ್ಷಗಳಾದವು: ಕಾಯಿ ಕಟ್ಟುವ ಮೊದಲೇ, ನೆಲಮಟ್ಟದಿಂದ 3–5 ಸೆಂಟಿಮೀಟರ್ ಕೆಳಗೆ ತಾಯಿಬೇರು ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಿಸುವುದು. ಹಾಗೇ ಕೆಡವಿದರೆ ಮಣ್ಣಿಗೆ ತಾಗಿದ ಕಡ್ಡಿ ಮತ್ತೆ ಬೇರು ಬಿಡುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿ ಕೂರುವ ಮರಗಳ ಕೆಳಗೆ ಹಿಕ್ಕೆಯಿಂದ ಹುಟ್ಟುವ ಸಸಿಗಳನ್ನು ಎರಡು ಮೂರು ಮಳೆಗಾಲ ಕೀಳುತ್ತಿರಬೇಕು, ತೆರವಾದ ಜಾಗಕ್ಕೆ ನಾಟಿ ಹುಲ್ಲು ತರಬೇಕು. ಕಿತ್ತ ಹೆಕ್ಟೇರಿಗೆ ಬಿಲ್ಲು ಬರೆಯುವುದು ಸುಲಭ. ಮೂರನೇ ಮಳೆಗಾಲದ ಸಸಿ ಕೀಳುವುದಕ್ಕೆ ಬಿಲ್ಲು ಬರೆಯುವವರು ಅಪರೂಪ. ಬೇಸರ ಬರುವುದು ಅಲ್ಲೇ.

ಹಾಗಂತ ನ್ಯೂಜಿಲೆಂಡಿನವರೇನು ಹುಟ್ಟಾ ಬುದ್ಧಿವಂತರಲ್ಲ. ತುಪ್ಪಳದ ಆಸೆಗೆ ಪಾಸಮ್ ಎಂಬ ಮರವೇರುವ ಪ್ರಾಣಿ ತಂದು ಬಿಟ್ಟವರು, ಮೊಲ ಹಿಡಿಯಲೆಂದು 1880ರ ದಶಕದಲ್ಲಿ ಸ್ಟೋಟ್ ಎಂಬ ಮುಂಗುಸಿಯಂಥ ಬೇಟೆಗಾರ ಪ್ರಾಣಿ ತಂದು ಕಿವಿ ಹಕ್ಕಿಯ ಮರಿಗಳಿಗೆ ಯಮನಾದವರು ಇವರೇ. ಸುತ್ತಲೂ ಸಮುದ್ರವಿರುವ ದೇಶಕ್ಕೆ ಬಾಗಿಲು ಕಾಯುವುದೂ ಸಲೀಸು. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ಲಾರಿಗಳ ಟೈರನ್ನೆಲ್ಲ ತೊಳೆಸಲಾದೀತೇ?

ಇನ್ನೊಂದನ್ನೂ ಒಪ್ಪಬೇಕು. ಮೆಕ್ಸಿಕೋದ ಜೈಗೊಗ್ರಾಮ ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಪಾರ್ಥೇನಿಯಂ ಮೇಲೆ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಪಪ್ಪಾಯದ ಹಿಟ್ಟು ತಿಗಣೆ ತೋಟಗಳನ್ನು ಬಳಿದುಕೊಂಡು ಹೋಗುತ್ತಿದ್ದಾಗ, 2010ರಲ್ಲಿ ಪೋರ್ಟೊರಿಕೋದಿಂದ ಆ ತಿಗಣೆಯೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಪರತಂತ್ರ ಕಣಜದ ಹುಳು ತರಿಸಿ ಹತೋಟಿಗೆ ತಂದವರೂ ಬೆಂಗಳೂರಿನ ಕೀಟ ವಿಜ್ಞಾನಿಗಳೇ. ಜೀರುಂಡೆ ಮಾತ್ರ ಮಳೆಗಾಲದ ಕೂಲಿಯಾಳು. ಮುಂಗಾರಿಗೆ ಎದ್ದು ಎಲೆ ಬೋಳಿಸುತ್ತದೆ, ಚಳಿ ಬಂದರೆ ಮಣ್ಣಿನೊಳಗೆ ಮಲಗುತ್ತದೆ. ಕಾಲುವೆ ಬದಿಯಲ್ಲಿ, ಬೋರ್‌ವೆಲ್ ನೀರಿನ ಹೊಲದಂಚಿನಲ್ಲಿ ಬೇಸಿಗೆಗೂ ಹಸಿರಾಗಿರುವ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ನಾವೇ ಬೇರುಸಹಿತ ಕೀಳಬೇಕು.