ಸತ್ಯಾಂಶ: ಮಾಸ್ಕ್ ಬಟ್ಟೆಗೆ ಫಾರ್ಮಾಲಿನ್ ಗೋಂದು ಹಾಕ್ತಾರಾ?

"ಸರ್ಜಿಕಲ್ ಮಾಸ್ಕ್ ನೇಯ್ದ ಬಟ್ಟೆಯಲ್ಲ, ಫಾರ್ಮಾಲಿನ್ ಬೆರೆಸಿದ ಗೋಂದಿನಿಂದ ಅಂಟಿಸಿದ್ದು" ಎಂಬ ಮೆಸೇಜ್ ಓಡಾಡುತ್ತಿದೆ. (ಫಾರ್ಮಾಲಿನ್ ಅಂದರೆ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಬೆರೆತ ನೀರು.) ನೇಯ್ದಿಲ್ಲ ಅನ್ನುವುದು ನಿಜ. ಗೋಂದಿನ ಕತೆ ಸುಳ್ಳು.

ಮಾಸ್ಕ್‌ನ ಪದರಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಅದನ್ನು ಕರಗಿಸಿ, ಸಣ್ಣ ತೂತುಗಳಿಂದ ಎಳೆ ತೆಗೆದು, ಹಾಸಿನಂತೆ ಹರಡುತ್ತಾರೆ. ಹೊರಪದರದ ಹಾಸು ಆಮೇಲೆ ಬಿಸಿ ರೋಲರ್‌ಗಳ ನಡುವೆ ಹಾದುಹೋಗುತ್ತದೆ. ಈ ಪ್ಲಾಸ್ಟಿಕ್ ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ರೋಲರ್ ಒತ್ತಿದ ಕಡೆ ಎಳೆಗಳು ತಾವೇ ಬೆಸೆದುಕೊಳ್ಳುತ್ತವೆ. ಬೆಳಕಿಗೆ ಹಿಡಿದರೆ ಸಾಲು ಸಾಲು ಚುಕ್ಕಿ ಕಾಣುತ್ತವೆ, ಅಲ್ವಾ? ಅವೇ ಆ ಬೆಸುಗೆಗಳು. ಅಂಗಡಿಯ ನಾನ್‌ವೋವನ್ ಚೀಲದಲ್ಲೂ ಇವನ್ನು ನೋಡಬಹುದು. (ಅದನ್ನು ಬಟ್ಟೆ ಚೀಲ ಅಂತ ಸುಮ್ನೆ ಕರೆಯುತ್ತೇವೆ, ಅದೂ ಪ್ಲಾಸ್ಟಿಕ್ಕೇ.)

ಹಾಗಂತ ಬೈಂಡರ್‌ಗಳೇ, ಅಂದರೆ ಎಳೆಗಳನ್ನು ಅಂಟಿಸುವ ಗೋಂದುಗಳೇ ಇಲ್ಲ ಅಂತಲ್ಲ. ಕೆಲವು ವೈಪ್ಸ್, ಫಿಲ್ಟರ್‌ಗಳಿಗೆ ಅಕ್ರಿಲಿಕ್ ಅಥವಾ ವಿನೈಲ್ ಅಸಿಟೇಟ್ ಎಥಿಲೀನ್‌ನಂಥ ಬೈಂಡರ್ ಬೆರೆತ ನೀರನ್ನು ಸಿಂಪಡಿಸಿ, ಬಿಸಿಯಲ್ಲಿ ಒಣಗಿಸುತ್ತಾರೆ. ಫಾರ್ಮಾಲಿನ್ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಒದ್ದೆಯಾದರೂ ಹರಿಯದಿರಲಿ ಅಂತ ಕೆಲವು ಬೈಂಡರ್‌ಗಳಿಗೆ ಎನ್-ಮಿಥೈಲಾಲ್ ಅಕ್ರಿಲಮೈಡ್ ಎಂಬ ರಾಸಾಯನಿಕ ಸೇರಿಸುತ್ತಾರೆ. ಅಂಥವು ಬಿಸಿಗೆ ಗಟ್ಟಿಯಾಗುವಾಗ ಸ್ವಲ್ಪ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಅದು ಬೇಡವೆಂದೇ ಫಾರ್ಮಾಲ್ಡಿಹೈಡ್ ಬಿಡದ ಬೈಂಡರ್‌ಗಳೂ ಮಾರುಕಟ್ಟೆಗೆ ಬಂದಿವೆ.