ಬನ್ನಿ ಸ್ವಾಮಿ, ತೆರಿಗೆ ಕಟ್ಟಬೇಡಿ

ನಗರದಲ್ಲಿ ಉದ್ಯಮ ಆರಂಭಿಸುವವರು ಮೊದಲು ಸ್ಥಳೀಯ ತೆರಿಗೆಗಳನ್ನು ಅರ್ಥ ಮಾಡಿಕೊಳ್ಳಬೇಕು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಆಸ್ತಿ ತೆರಿಗೆ, ಪರವಾನಗಿ ಶುಲ್ಕ, ನಾಮಫಲಕದ ಶುಲ್ಕ, ಕಸದ ಶುಲ್ಕ, ತಡವಾದರೆ ದಂಡ, ದಂಡ ಕಟ್ಟುವುದು ತಡವಾದರೆ ಬಡ್ಡಿ. ಇವನ್ನೆಲ್ಲ ಬಾಯಿಪಾಠ ಮಾಡುವುದು ಶುದ್ಧ ದಂಡ. ಎಲ್ಲ ಊರಿಗೂ ಅನ್ವಯಿಸುವ ಸೂತ್ರ ಒಂದೇ: ತೆರಿಗೆಯ ದರ ಚಿಕ್ಕವರ ಪಾಲಿಗೆ ಕಾನೂನು, ದೊಡ್ಡವರ ಪಾಲಿಗೆ ಚೌಕಾಸಿಯ ಮೊದಲ ಮಾತು.

ಎರಡು ಕುರ್ಚಿ ಹಾಕಿ ಅಂಗಡಿ ತೆರೆದವನು ಕೌಂಟರಿನ ಮುಂದೆ ನಿಂತು, ‘ರಿಯಾಯಿತಿ ಕೊಡದಿದ್ದರೆ ಪಕ್ಕದ ನಗರಕ್ಕೆ ಹೋಗಿಬಿಡುತ್ತೇನೆ’ ಎಂದು ಗುಡುಗಿದರೆ, ಗುಮಾಸ್ತರು ತಲೆ ಎತ್ತದೆಯೇ ‘ಬಾಕಿ ಕಟ್ಟಿ ಹೋಗಿ’ ಎನ್ನುತ್ತಾರೆ. ಅದೇ ಮಾತನ್ನು ಐವತ್ತು ಸಾವಿರ ಉದ್ಯೋಗಗಳ ಒಡೆಯರು ಪಿಸುಗುಟ್ಟಿದರೆ ಸಾಕು, ಮೇಯರ್ ಸಾಹೇಬರೇ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ನಂಬಿಕೆ ಬಾರದಿದ್ದರೆ 2017ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಅಮೆಜಾನ್ ಕಂಪನಿ ತನಗೆ ಎರಡನೆಯ ಕೇಂದ್ರ ಕಚೇರಿ ಬೇಕಾಗಿದೆ, 500 ಕೋಟಿ ಡಾಲರ್ ಹೂಡುತ್ತೇವೆ, 50,000 ಉದ್ಯೋಗ ಕೊಡುತ್ತೇವೆ, ಏನೇನು ಕೊಡುತ್ತೀರಿ ಹೇಳಿ ಎಂದು ಉತ್ತರ ಅಮೆರಿಕದ ನಗರಗಳಿಗೆ ಬಹಿರಂಗ ಕರೆ ಕೊಟ್ಟಿತು. ಗಂಡಿನ ಕಡೆಯವರು ‘ನಮಗೇನೂ ಆಸೆಯಿಲ್ಲ, ನಿಮ್ಮ ಮಗಳಿಗೆ ನೀವು ಮಾಡುವುದನ್ನು ಮಾಡಿ’ ಎಂದು ಸಂಕೋಚದಿಂದ ಹೇಳುವುದುಂಟು. ಇಲ್ಲಿ ಆ ಸಂಕೋಚವೂ ಇರಲಿಲ್ಲ. ಆರು ವಾರಗಳ ಗಡುವಿನೊಳಗೆ 238 ಪ್ರಸ್ತಾವಗಳು ಬಂದು ಬಿದ್ದವು.

ಅರಿಝೋನಾದ ಟಕ್ಸನ್‌ನವರು 21 ಅಡಿ ಎತ್ತರದ ಕಳ್ಳಿಗಿಡವನ್ನೇ ಕಳಿಸಿಕೊಟ್ಟರು. ಕಂಪನಿ ವಿನಯದಿಂದ ಬೇಡವೆಂದಿತು. ಗಿಡ ವಸ್ತುಸಂಗ್ರಹಾಲಯ ಸೇರಿತು. (ಆ ಸ್ಪರ್ಧೆಯಲ್ಲಿ ಮುಳ್ಳುಗಳು ಹೊರಗೆ ಕಾಣುವಂತಿದ್ದ ಒಂದೇ ಒಂದು ಕೊಡುಗೆ ಅದು.) ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್ ನಗರ ತನ್ನ 345 ಎಕರೆಯನ್ನು ಬಿಟ್ಟುಕೊಟ್ಟು ಅದಕ್ಕೆ ‘ಅಮೆಜಾನ್’ ಎಂದೇ ನಾಮಕರಣ ಮಾಡಲು ಸಿದ್ಧವಾಯಿತು. ಕ್ಯಾನ್ಸಸ್ ಸಿಟಿಯ ಮೇಯರ್ ಕಂಪನಿಯ ಜಾಲತಾಣದಲ್ಲಿ ಸಾವಿರ ವಸ್ತುಗಳಿಗೆ ವಿಮರ್ಶೆ ಬರೆದು, ಅಷ್ಟಕ್ಕೂ ಐದೈದು ನಕ್ಷತ್ರ ಕೊಟ್ಟು, ನಡುನಡುವೆ ಊರಿನ ಗುಣಗಾನ ಸೇರಿಸಿದರು. ಸಾವಿರದಲ್ಲಿ ಒಂದಾದರೂ ಕಳಪೆ ಮಾಲು ಇರದೇ ಹೋಯಿತೇ? ಇದ್ದರೂ ಹೇಳುವ ಸಮಯ ಅದಾಗಿರಲಿಲ್ಲ.

ಇವೆಲ್ಲ ತಮಾಷೆಯ ಪಾಲು. ಕೊಡುಗೆಯ ಅಸಲು ರೂಪ ಕಾಗದದೊಳಗಿತ್ತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ಆಲೋಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ: ಕಂಪನಿಯಿಂದ ಹುಟ್ಟುವ ತೆರಿಗೆಯಲ್ಲಿ ಶೇ 85ರಷ್ಟನ್ನು ಪ್ರತ್ಯೇಕ ನಿಧಿಗೆ ಹಾಕುವುದು, ಆ ನಿಧಿಯ ಖರ್ಚನ್ನು ತೀರ್ಮಾನಿಸುವಾಗ ಕಂಪನಿಯವರನ್ನೂ ಕೂರಿಸಿಕೊಳ್ಳುವುದು, ಇದು ನೂರು ವರ್ಷ ನಡೆಯುವುದು. ತೆರಿಗೆ ಕಟ್ಟಿದವನೇ ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳಬಹುದಾದರೆ ಯಾರಿಗೆ ತಾನೇ ತೆರಿಗೆ ಭಾರವಾದೀತು? ನಾಳೆ ನಮ್ಮ ಎರಡು ಕುರ್ಚಿಯವನೂ ತನ್ನ ಆಸ್ತಿ ತೆರಿಗೆಯ ಶೇ 85ರಲ್ಲಿ ತನ್ನ ಅಂಗಡಿಯ ಮುಂದಿನ ಗುಂಡಿಯನ್ನೇ ಮುಚ್ಚಬೇಕೆಂದು ಹಟ ಹಿಡಿಯಲಿ, ನೋಡೋಣ.

ಷಿಕಾಗೊ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿನ ಪ್ರಸ್ತಾವದಂತೆ ನೌಕರರ ಸಂಬಳದಿಂದ ಕಡಿತವಾಗುವ ಆದಾಯ ತೆರಿಗೆಯಲ್ಲಿ 132 ಕೋಟಿ ಡಾಲರ್‌ವರೆಗೆ ಕಂಪನಿಯೇ ಇಟ್ಟುಕೊಳ್ಳಬಹುದಿತ್ತು. ದುಡಿಯುವವನು ತೆರಿಗೆ ಕಟ್ಟುತ್ತಾನೆ, ದುಡಿಸಿಕೊಳ್ಳುವವನು ಅದನ್ನು ಜೇಬಿಗಿಳಿಸುತ್ತಾನೆ. ಹಿಂದೆ ಜಹಗೀರುದಾರರಿಗೆ ಮಾತ್ರ ಇದ್ದ ಭಾಗ್ಯ.

ಇಷ್ಟು ನಗರಗಳ ಜಾತಕ ನೋಡಿದ ಮೇಲೆ ಕಂಪನಿ ಆರಿಸಿಕೊಂಡದ್ದು ನ್ಯೂಯಾರ್ಕ್ ಮತ್ತು ರಾಜಧಾನಿ ವಾಷಿಂಗ್ಟನ್ನಿನ ನದಿಯಾಚೆಗಿರುವ ಆರ್ಲಿಂಗ್ಟನ್ ಅನ್ನು. ಹಣ ಇರುವ ಕಡೆ ಒಂದು, ಅಧಿಕಾರ ಇರುವ ಕಡೆ ಒಂದು. ಇದನ್ನು ಹೇಳಲು 238 ಕಡತಗಳು ಬೇಕಾಗಿದ್ದವು. ಸುಮಾರು 300 ಕೋಟಿ ಡಾಲರ್ ಕೊಡುಗೆಯ ವಿರುದ್ಧ ನ್ಯೂಯಾರ್ಕಿನ ಜನ ತಕರಾರು ಎತ್ತಿದಾಗ, 2019ರ ಫೆಬ್ರುವರಿ 14ರಂದು, ಅಂದರೆ ಪ್ರೇಮಿಗಳ ದಿನದಂದೇ, ಕಂಪನಿ ಆ ಸಂಬಂಧ ಮುರಿದುಕೊಂಡಿತು.

ಚಿಕ್ಕವರಿಗೂ ದಾರಿ ಇಲ್ಲವೇ ಎಂದು ಕೇಳಬಹುದು. ಇತ್ತು. ಜರ್ಮನಿಯಲ್ಲಿ ವ್ಯಾಪಾರ ತೆರಿಗೆಯ ದರವನ್ನು ಆಯಾ ಊರಿನ ಆಡಳಿತವೇ ನಿಗದಿ ಮಾಡುತ್ತದೆ. ಉತ್ತರದ ಕಡಲಂಚಿನಲ್ಲಿರುವ, ಐವತ್ತು ಜನರೂ ಇಲ್ಲದ ನಾರ್ಡರ್‌ಫ್ರೀಡ್ರಿಕ್ಸ್‌ಕೋಗ್ ಎಂಬ ಹಳ್ಳಿ ತನ್ನ ದರವನ್ನು ಸೊನ್ನೆ ಎಂದು ಇಟ್ಟುಕೊಂಡಿತ್ತು. ಪರಿಣಾಮವಾಗಿ ರೈತರ ಮನೆಯ ಕೋಣೆಗಳಲ್ಲಿ ನೂರಾರು ಕಂಪನಿಗಳು ನೆಲೆಸಿದವು; ಅಂದರೆ ಅವುಗಳ ಹೆಸರಿನ ಫಲಕಗಳು ನೆಲೆಸಿದವು. ಹೊಲದವರು ಬಾಡಿಗೆ ಎಣಿಸಿಕೊಂಡರು, ದೂರದ ಮಹಾನಗರಗಳು ತೆರಿಗೆ ಕಳೆದುಕೊಂಡವು. 2004ರಿಂದ ಕನಿಷ್ಠ ದರವನ್ನು ಕಡ್ಡಾಯ ಮಾಡಿ ಆ ಆಟ ಮುಗಿಸಲಾಯಿತು. ರೈತರು ಬುದ್ಧಿವಂತರಾದರೆ ಕಾನೂನಿಗೆ ಎಷ್ಟು ಬೇಗ ಎಚ್ಚರವಾಗುತ್ತದೆ!

ಇನ್ನು ಅಮೆರಿಕದ ಕ್ಯಾನ್ಸಸ್ ಮತ್ತು ಮಿಸೌರಿ ರಾಜ್ಯಗಳ ಗಡಿಯಲ್ಲಿ ಒಂದೇ ಮಹಾನಗರವನ್ನು ಒಂದು ರಸ್ತೆ ಸೀಳುತ್ತದೆ. ವರ್ಷಗಟ್ಟಲೆ ಎರಡೂ ರಾಜ್ಯಗಳು ಆಚೆಯ ಕಂಪನಿಗಳನ್ನು ಈಚೆಗೆ, ಈಚೆಯವನ್ನು ಆಚೆಗೆ ದುಡ್ಡು ಕೊಟ್ಟು ಕರೆದವು. ಮೇಜು ಕುರ್ಚಿಗಳು ರಸ್ತೆ ದಾಟಿದವು, ನೌಕರರು ಅದೇ ಮನೆಯಿಂದ ಅದೇ ಕೆಲಸಕ್ಕೆ ಹೋದರು, ಎರಡೂ ಕಡೆ ‘ಉದ್ಯೋಗ ಸೃಷ್ಟಿ’ಯ ಲೆಕ್ಕ ಬರೆಯಲಾಯಿತು. 2019ರಲ್ಲಿ ಕದನವಿರಾಮ ಘೋಷಿಸಿಕೊಂಡರು. ಅಲ್ಲಿಯವರೆಗೆ ಸಾಗಣೆ ಲಾರಿಯವರಂತೂ ನಿಜವಾದ ಉದ್ಯೋಗ ಕಂಡಿರಬೇಕು.

ಪ್ರೋತ್ಸಾಹಕ ಕೊಡದಿದ್ದರೆ ಕಂಪನಿ ಬರುತ್ತಲೇ ಇರಲಿಲ್ಲ ಎಂಬುದು ಇಂಥ ಎಲ್ಲ ಒಪ್ಪಂದಗಳ ಮಂಗಳಾಚರಣೆ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೋತಿ ಬಾರ್ಟಿಕ್ 2018ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಪ್ರೋತ್ಸಾಹಕದಿಂದಲೇ ತೀರ್ಮಾನ ಬದಲಾದದ್ದು ನೂರಕ್ಕೆ 2ರಿಂದ 25 ಪ್ರಕರಣಗಳಲ್ಲಿ. ಉಳಿದವರು ಹೇಗೂ ಬರುತ್ತಿದ್ದರು. ಬರುವವರಿಗೇ ಬಾಡಿಗೆ ಕಾರು ಕಳಿಸಿ, ಕಾರಿನಿಂದಲೇ ಬಂದರು ಎಂದು ಬೀಗುವುದನ್ನು ಆರ್ಥಿಕ ಅಭಿವೃದ್ಧಿ ನೀತಿ ಎನ್ನುತ್ತಾರೆ.

ವಿಸ್ಕಾನ್ಸಿನ್‌ನಲ್ಲಿ ಈ ನೀತಿ ಪರಾಕಾಷ್ಠೆ ಮುಟ್ಟಿತು. 2017ರಲ್ಲಿ ಫಾಕ್ಸ್‌ಕಾನ್ ಕಂಪನಿ 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ ಎಂದಿತು. ರಾಜ್ಯ ಸುಮಾರು 300 ಕೋಟಿ ಡಾಲರ್ ಪ್ರೋತ್ಸಾಹಕ ಎಂದಿತು. ಅಧ್ಯಕ್ಷ ಟ್ರಂಪ್ ಅವರೇ ಬಂದು ಗುದ್ದಲಿಪೂಜೆ ನೆರವೇರಿಸಿ, ಇದು ಜಗತ್ತಿನ ಎಂಟನೆಯ ಅದ್ಭುತ ಎಂದರು. ಮೌಂಟ್ ಪ್ಲೆಸೆಂಟ್ ಗ್ರಾಮಾಡಳಿತ ಮನೆ, ಹೊಲಗಳಿದ್ದ 2,800 ಎಕರೆಯನ್ನು ‘ಹಾಳುಬಿದ್ದ ಪ್ರದೇಶ’ ಎಂದು ಕಾಗದದ ಮೇಲೆ ಘೋಷಿಸಿತು. ಜನ ಸಂಸಾರ ಮಾಡಿಕೊಂಡಿದ್ದ ಜಾಗ ಹಾಳುಬಿದ್ದದ್ದು ಅವರಿಗೆ ಸಭೆಯ ನಡಾವಳಿಯಿಂದಲೇ ಗೊತ್ತಾಯಿತು. 2021ರ ಹೊತ್ತಿಗೆ ಒಪ್ಪಂದ ಪರಿಷ್ಕೃತವಾಗಿ ಹೂಡಿಕೆ 67 ಕೋಟಿ ಡಾಲರಿಗೆ, ಉದ್ಯೋಗ 1,454ಕ್ಕೆ, ರಾಜ್ಯದ ಪ್ರೋತ್ಸಾಹಕ 8 ಕೋಟಿಗೆ ಇಳಿಯಿತು. ಅಂದು ರಾಜ್ಯದ ಹೊಸ ಗವರ್ನರ್ ಕಚೇರಿ, ಇದರಿಂದ ತೆರಿಗೆದಾರರಿಗೆ 277 ಕೋಟಿ ಡಾಲರ್ ಉಳಿತಾಯವಾಯಿತೆಂದು ಹೆಮ್ಮೆಯಿಂದ ಪ್ರಕಟಿಸಿತು. ಕೊಡುತ್ತೇವೆಂದು ಹೇಳಿ ಕೊಡದೇ ಹೋದದ್ದು ಉಳಿತಾಯವಾಗುವುದಾದರೆ, ಯಾವ ನಗರವೂ ಬಡವಾಗಿರಬೇಕಾಗಿಲ್ಲ. ನಾಳೆ ಬೆಳಿಗ್ಗೆಯೇ ಯಾರಿಗಾದರೂ ದುಪ್ಪಟ್ಟು ಕೊಡುವುದಾಗಿ ಹೇಳಿ, ಸಂಜೆಗೆ ಮನಸ್ಸು ಬದಲಾಯಿಸಿದರಾಯಿತು.